ಎರಡನೇ ಗ್ರೇಡಿನ ಲೈನ್ಸ್‌ಮನ್

ಮಾರ್ಚ್ 3, ಸೋಮವಾರ

ಅಂಗಿಯ ಮೂರನೇ ಗುಂಡಿ. ಇವತ್ತೂ ಅಲ್ಲಿಗೇ ನಿಂತಿತು. ತಾತನ ಎಡಗೈ ಅಲ್ಲಿಯವರೆಗೆ ಸರಿಯಾಗಿ ಹೋಗುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಅಂಗಿ ಕಿತ್ತೆಸೆಯುವ ಮೊದಲೇ ಕೇಳಿದೆ, "ತಾತ, ಆ ಫೈನಲ್‌ನಲ್ಲಿ ಗೋಲ್‌ಕೀಪರನ್ನೇ ಹೊರಗೆ ಕಳಿಸಿದ್ರಂತಲ್ಲ, ಯಾಕೆ?" ಅಷ್ಟು ಸಾಕಾಯಿತು. ಆ ಗೋಲ್‌ಕೀಪರನ ಜನ್ಮ ಜಾಲಾಡಿದರು. ಉಳಿದ ಗುಂಡಿಗಳನ್ನು ಅಷ್ಟರಲ್ಲಿ ನಾನೇ ಹಾಕಿದೆ.

ಹೊಸ ಪುಸ್ತಕ. ಹಳೆಯದು ತುಂಬಿತು. ಆದ್ದರಿಂದ ಮೊದಲಿನಿಂದ ಬರೆದಿಡುತ್ತೇನೆ. ತಾತ ಎಂದರೆ ನನ್ನ ತಾತ ಅಲ್ಲ, ಕೆಲಸದ ಮನೆಯವರು. ಫುಟ್‌ಬಾಲ್ ರೆಫ್ರಿ ಆಗಿದ್ದರು. ಕಳೆದ ವರ್ಷ ಲಕ್ವ ಹೊಡೆದು ಬಲಗಡೆ ಸೋತಿತು. ಮಗಳು ಬೆಳಗ್ಗೆ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನನ್ನನ್ನು ಕರೆಯಲು ಸೀಟಿ ಊದುತ್ತಾರೆ. ತುಟಿ ಒಂದು ಕಡೆ ಕೂಡುವುದಿಲ್ಲ, ಸೀಟಿ ಫುಸ್ ಅನ್ನುತ್ತದೆ, ಸೈಕಲ್ ಟ್ಯೂಬಿನ ಹಾಗೆ. ಟೀ ತಡವಾದರೆ ಹಳದಿ ಕಾರ್ಡು. ಕೆಂಪು ಇನ್ನೂ ತೋರಿಸಿಲ್ಲ.

ನನಗೆ ಇಟ್ಟ ಹೆಸರು ಲೈನ್ಸ್‌ಮನ್, ಅಂದರೆ ಮೈದಾನದ ಗೆರೆಯಾಚೆ ಓಡುವ ರೆಫ್ರಿಯ ಸಹಾಯಕ. ಅವರು ನಡೆಯುವಾಗ ಮುಟ್ಟುವುದಿಲ್ಲ. ಪಕ್ಕದಲ್ಲೇ, ಬಿದ್ದರೆ ಹಿಡಿಯುವ ಹಾಗೆ ಎರಡೂ ಕೈ ಚಾಚಿಕೊಂಡು ಹೋಗುತ್ತೇನೆ. "ಲೈನ್ಸ್‌ಮನ್ ಪಕ್ಕದಲ್ಲೇ ಓಡ್ಬೇಕು. ಚೆಂಡು ಮುಟ್ಟಿದ್ರೆ ಮನೆಗೆ!" ಅನ್ನುತ್ತಾರೆ.

ಮಾರ್ಚ್ 5, ಬುಧವಾರ

ನಮ್ಮನ್ನು ಮನೆಗಳಿಗೆ ಕಳಿಸುವ ಆಫೀಸಿನಲ್ಲಿ ಮೀಟಿಂಗ್. ಹಿಂದಿನ ಸಾಲು, ಕಂಬದ ಮರೆ, ನನ್ನ ಜಾಗ. ಸೂಪರ್‌ವೈಸರ್ ಅಣ್ಣ ಹೊಸ ನಿಯಮ ಓದಿದರು. ಮನೆಮನೆಗೆ ಹೋಗಿ ಕೆಲಸ ಮಾಡುವ ನಮ್ಮಲ್ಲಿ ಎರಡು ಗ್ರೇಡ್. ಗುಡಿಸುವುದು, ಒಗೆಯುವುದು, ಅಡುಗೆ ಮಾಡುವುದು ಒಂದನೇ ಗ್ರೇಡ್, ಅದರ ಹೆಸರು ಮನೆಗೆಲಸ. ಎಬ್ಬಿಸುವುದು, ಸ್ನಾನ ಮಾಡಿಸುವುದು, ನಡೆಸುವುದು, ಔಷಧಿ ನೋಡಿಕೊಳ್ಳುವುದು ಎರಡನೇ ಗ್ರೇಡ್, ಅದು ಆರೈಕೆ, ಸಂಬಳ ಹೆಚ್ಚು. ಒಂದರಲ್ಲಿದ್ದು ಎರಡರ ಕೆಲಸ ಮಾಡುವವರು ಎರಡನೇ ಗ್ರೇಡು ಕೇಳಬಹುದು. ತಪಾಸಣೆಯವರು ಬಂದು ಒಂದು ಬೆಳಗ್ಗೆ ಕೂತು ನೋಡುತ್ತಾರೆ.

ನನ್ನ ಕುತ್ತಿಗೆಯ ಕಾರ್ಡು ನೋಡಿಕೊಂಡೆ. ಮನೆಗೆಲಸ. ಸೇರಿದಾಗ ಅದು ನಿಜವೇ ಆಗಿತ್ತು, ತಾತನಿಗೆ ಆಗ ಲಕ್ವ ಹೊಡೆದಿರಲಿಲ್ಲ. ಈಗ?

ಎರಡಕ್ಕೆ ಹೋದರೆ ಕ್ಯಾಂಟೀನ್ ಬಿಡಬಹುದು. ಈ ಒಂದು ಸಂಬಳ ಸಾಲದೆ ದಿನಾ ಸಂಜೆ ಅಲ್ಲಿ ಪಾತ್ರೆ ತೊಳೆಯುತ್ತೇನೆ. ಕಿಟಕಿಯಿಲ್ಲದ ಕೋಣೆ. ಬೆಳಕಿದ್ದಾಗ ಒಳಗೆ ಹೋದರೆ ಹೊರಗೆ ಬರುವಾಗ ಕತ್ತಲೆ. ಸಂಜೆ ಅನ್ನುವುದನ್ನು ನೋಡಿ ಎಷ್ಟು ದಿನವಾಯಿತು! ಇವತ್ತು ಇದನ್ನೇ ಯೋಚಿಸುತ್ತಾ ಒಂದೇ ಬಾಣಲಿಯನ್ನು ಮತ್ತೆ ಮತ್ತೆ ಉಜ್ಜಿದೆ. ಮುಖ ಕಾಣುವ ಹಾಗಾಯಿತು.

ಮಾರ್ಚ್ 6

ಕೇಳಲು ಆಫೀಸಿಗೆ ಹೋದೆ. ಬಾಗಿಲಲ್ಲಿ ನಿಂತೆ. ಅಣ್ಣ ತಲೆಯೆತ್ತಿ "ಏನಮ್ಮ?" ಅಂದರು. "ನೀರು ಕುಡಿಯೋಕೆ ಬಂದೆ" ಅಂದೆ. ಕುಡಿದೆ. ಬಂದೆ.

ಮಾರ್ಚ್ 7, ಶುಕ್ರವಾರ

ಚಿಕ್ಕಮ್ಮನಿಗೆ ಹೇಳಿದೆ. ನಾವಿಬ್ಬರೂ ಒಂದೇ ಮನೆ, ಒಂದೇ ಆಫೀಸು. ನನ್ನನ್ನು ಕೆಲಸಕ್ಕೆ ಸೇರಿಸಿದ್ದೂ ಅವಳೇ. ನನಗೆ ಬುದ್ಧಿ ಬರುವ ಮೊದಲಿನಿಂದ ಮನೆಗೆಲಸದ ಕಾರ್ಡಿನಲ್ಲೇ ಇದ್ದಾಳೆ.

"ನೀರು ಕುಡಿದು ಬಂದೆಯಾ? ಮೂಕಬಸವಿ! ಅಳದೆ ಇದ್ರೆ ಹೆತ್ತ ತಾಯೂ ಹಾಲು ಕೊಡಲ್ಲ ಕಣೇ. ನಡಿ."

ಕೈ ಹಿಡಿದು ಎಳೆದುಕೊಂಡೇ ಹೋದಳು. ಒಳಗೆ ನನ್ನನ್ನು ಮುಂದೆ ತಳ್ಳಿ ತಾನು ಸುಮ್ಮನಾದಳು! ಅಣ್ಣ ನೋಡಿದರು. ಕೊನೆಗೆ ಎರಡು ಬೆರಳು ತೋರಿಸಿದೆ.

"ಏನು, ಎರಡು ದಿನ ರಜಾನಾ?"

"ಗ್ರೇಡು" ಅಂದೆ. ಅಷ್ಟೇ. ಆದರೆ ಅಂದೆ!

ಅಣ್ಣ ನಗಲಿಲ್ಲ. "ಮಾತಾಡ್ಬೇಕಾಗಿಲ್ಲಮ್ಮ, ಕೆಲಸ ತೋರಿಸಿದ್ರೆ ಸಾಕು" ಅಂದರು. ಮಾತಾಡಬೇಕಾಗಿಲ್ಲ! ದಾರಿಯಿಡೀ ಕಾಲು ನೆಲದ ಮೇಲಿರಲಿಲ್ಲ.

ಮಾರ್ಚ್ 12, ಬುಧವಾರ

ತಪಾಸಣೆ ಮೇಡಂ ಇಪ್ಪತ್ತನೇ ತಾರೀಖು ಬರುತ್ತಾರಂತೆ.

ಚಿಕ್ಕಮ್ಮನ ಪಾಠ ಶುರು. "ಅವತ್ತು ನಿನ್ ಕೈ ಒಂದು ನಿಮಿಷ ಸುಮ್ನಿರ್ಬಾರ್ದು. ಎತ್ತು, ಇಳಿಸು, ಒರೆಸು, ತಲೆ ಬಾಚು. ಮುದುಕರು ಮಿಸುಕಾಡ್ದೆ ಬಿದ್ಕೊಂಡಿರ್ಲಿ. ಅವರೇ ಎಲ್ಲಾ ಮಾಡ್ಕೊಂಡ್ರೆ ನಿನಗ್ಯಾಕೆ ಗ್ರೇಡು ಕೊಡ್ತಾರೆ?"

ಅದೂ ನಿಜ ಅನ್ನಿಸಿತು. ಹೆದರಿ ಹೆದರಿ ತಾತನ ಮಗಳಿಗೆ ಹೇಳಿದೆ. ಅವರು ತಾತನಿಗೆ ಹೇಳಿದರು, "ಅಪ್ಪ, ಒಂದೇ ಒಂದು ದಿನ, ಏನೂ ಬಾರದವರ ಥರ ಇದ್ಬಿಡಿ. ಪಾಪ, ಹುಡುಗಿಗೆ ಒಳ್ಳೇದಾಗುತ್ತೆ."

ತಾತನ ಮುಖ ಕೆಂಡವಾಯಿತು. ಮಾತು ತೊದಲುತ್ತದೆ, ಸಿಟ್ಟು ತೊದಲುವುದಿಲ್ಲ.

"ಡೈವ್ ಹೊಡಿ ಅಂತೀಯಾ? ನಾನು?"

ಡೈವ್ ಅಂದರೆ, ಯಾರೂ ಮುಟ್ಟದೆ ಇದ್ದರೂ ಆಟಗಾರ ತಾನೇ ಬಿದ್ದು ಕಾಲು ಮುರಿದವನ ಹಾಗೆ ಹೊರಳಾಡುವುದು, ಎದುರು ತಂಡದ ಮೇಲೆ ಫೌಲ್ ಬೀಳಲಿ ಎಂದು. ತಾತನ ಪ್ರಕಾರ ಭೂಮಿಯ ಮೇಲೆ ಅದಕ್ಕಿಂತ ದೊಡ್ಡ ಪಾಪವಿಲ್ಲ. "ಅಂಥೋರಿಗೆ ಕಾರ್ಡ್ ತೋರ್ಸಿ ತೋರ್ಸಿ ನನ್ನ ಕೈ ಸವೆದಿದೆ! ಹೋಗ್, ಹೋಗ್!" ಮಗಳಿಗೆ ಹಳದಿ. ನನಗೂ ಹಳದಿ, ನಾನು ಬಾಯೇ ತೆರೆದಿರಲಿಲ್ಲ.

ಬೇಜಾರಾಗಬೇಕಿತ್ತು. ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ.

ಮಾರ್ಚ್ 19, ಬುಧವಾರ

ಇವತ್ತು ಮೂರನೇ ಗುಂಡಿ ದಾಟಿತು!! ನಾಲ್ಕನೆಯದು, ಐದನೆಯದು, ಕೊನೆಯದೂ. ಎಲ್ಲಾ. ಒಬ್ಬರೇ. ಟೀ ಆರಿ ತಣ್ಣಗಾಯಿತು, ಇಬ್ಬರಿಗೂ ನೆನಪಿಲ್ಲ. ಮುಗಿದ ಮೇಲೆ ತಾತ ಎದೆ ಉಬ್ಬಿಸಿ ಕನ್ನಡಿಯಲ್ಲಿ ನೋಡಿಕೊಂಡರು. ಸೀಟಿ ಊದಿದರು. ಫುಸ್. ಇಬ್ಬರೂ ನಕ್ಕೆವು.

ಹಾಳಾದ್ದು, ಇವತ್ತೇ ಆಗಬೇಕಿತ್ತೇ? ನಾಳೆ ತಪಾಸಣೆ. ನಾಳೆಯೂ ಅವರೇ ಹಾಕಿಕೊಳ್ಳುತ್ತಾರೆ, ನಾನು ಗೊಂಬೆಯ ಹಾಗೆ ಕೂತಿರುತ್ತೇನೆ, ಮೇಡಂ ಬರೆಯುತ್ತಾರೆ: ಈ ಹುಡುಗಿ ಕೂತಿರುತ್ತಾಳೆ.

ಆದರೂ ಖುಷಿ. ಒಂದು ಕಡೆ ಖುಷಿ, ಒಂದು ಕಡೆ ಭಯ. ನಿದ್ದೆ ಬಂದ ಹಾಗೇ.

ಮಾರ್ಚ್ 20, ಗುರುವಾರ

ಎಲ್ಲಿಂದ ಬರೆಯಲಿ.

ತಪಾಸಣೆ ಮೇಡಂ ಬಂದರು. ದೊಡ್ಡವರು ಇರಬಹುದು ಅಂದುಕೊಂಡಿದ್ದೆ, ಗಿಡ್ಡ ಹೆಂಗಸು, ಮೊಣಕಾಲು ನೋವು, ಕೂರುವಾಗ "ಉಸ್ಸಪ್ಪಾ" ಅಂದರು. ಮೂಲೆಯ ಕುರ್ಚಿ. "ನಾನಿಲ್ಲ ಅಂದ್ಕೊಳ್ಳಿ" ಅಂದರು. ಹೇಗೆ ಅಂದುಕೊಳ್ಳುವುದು!

ತಾತನ ಕೋಣೆಗೆ ಹೋದೆ. ಸೀಟಿ ಇಲ್ಲ. ಬೈಗುಳ ಇಲ್ಲ. ಕೊರಡಿನ ಹಾಗೆ ಮಲಗಿದ್ದಾರೆ, ಬಾಯಿ ಅರೆತೆರೆದು. ನನ್ನ ಜೀವವೇ ಹಾರಿತು, ಮತ್ತೆ ಲಕ್ವ ಹೊಡೆಯಿತೇ ಎಂದು. ಬಗ್ಗಿ ನೋಡಿದೆ. ಒಂದು ಕಣ್ಣು ತೆರೆದರು. ಮುಚ್ಚಿದರು.

ಆಗ ಅರ್ಥವಾಯಿತು. ತಾತ ಡೈವ್ ಹೊಡೆಯುತ್ತಿದ್ದಾರೆ. ನನಗಾಗಿ.

ಎಬ್ಬಿಸಿದೆ. ಮೂಟೆಯ ಹಾಗೆ ಭಾರ ಬಿಟ್ಟರು, ಬೇಕೆಂದೇ. ಸ್ನಾನಕ್ಕೆ ಕರೆದೊಯ್ದೆ, ಮೇಡಂ ಬಾಗಿಲ ಹೊರಗೆ ನಿಂತರು. ಒಳಗೆ ತಾತ ಪಿಸುಗುಟ್ಟಿದರು, "ಹೆಂಗಿದೆ ಆಕ್ಟಿಂಗು?" "ಸುಮ್ನಿರಿ ತಾತ." ಮೈ ಒರೆಸಿ ಮಂಚದ ಮೇಲೆ ಕೂರಿಸಿ ಅಂಗಿ ತೊಡಿಸಿದೆ. ಚಿಕ್ಕಮ್ಮ ಹೇಳಿದ ಹಾಗೇ ನಡೆಯುತ್ತಿತ್ತು. ನನ್ನ ಕೈ ಒಂದು ನಿಮಿಷವೂ ಸುಮ್ಮನಿರಲಿಲ್ಲ. ಮೇಡಂ ಬರೆಯುತ್ತಲೇ ಇದ್ದರು.

ಮೊದಲನೇ ಗುಂಡಿ ನಾನು ಹಾಕಿದೆ. ತಾತನ ಎಡಗೈ ತಾನಾಗಿಯೇ ಎದ್ದು ಎರಡನೆಯದರ ಕಡೆಗೆ ಹೊರಟಿತು. ತಾತ ಅದನ್ನು ಎಳೆದು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತರು. ನಿನ್ನೆ ಕನ್ನಡಿ ಮುಂದೆ ಎದೆ ಉಬ್ಬಿಸಿದ ಮನುಷ್ಯ.

ಎರಡನೆಯದೂ ಹಾಕಿದೆ. ಮೂರನೆಯದು ಹಿಡಿದೆ. ಆಗಲಿಲ್ಲ.

"ಫೌಲ್ ತಾತ" ಅಂದೆ.

ಜೋರಾಗಿ ಬಂತು. ನನ್ನ ದನಿ ಅಷ್ಟು ಜೋರಿದೆಯೆಂದು ನನಗೇ ಗೊತ್ತಿರಲಿಲ್ಲ. "ನಿಮಗೆ ಬರುತ್ತೆ. ನಿನ್ನೆ ಎಲ್ಲಾ ಹಾಕಿದ್ರಿ."

ಮೂಲೆಯಲ್ಲಿ ಪೆನ್ನು ನಿಂತಿತು. ತಾತ ನನ್ನನ್ನೇ ದುರುಗುಟ್ಟಿ ನೋಡಿದರು. ಈಗ ಕೆಂಪು ಕಾರ್ಡು, ಅಂದುಕೊಂಡೆ. ಎಡಗೈ ಹೊರಗೆ ಬಂತು. ತಲೆದಿಂಬಿನ ಪಕ್ಕದಿಂದ ಹಳದಿ ಕಾರ್ಡು ತೆಗೆದರು. ನಿಧಾನಕ್ಕೆ ಎತ್ತಿ ತಮ್ಮ ಮುಖಕ್ಕೇ ಹಿಡಿದುಕೊಂಡರು.

ಮೇಡಂ ಕೆಮ್ಮಿದರು. ಕೆಮ್ಮಲ್ಲ, ನಗು.

ಆಮೇಲೆ ನಾನು ಹಾಕಿದ್ದ ಎರಡೂ ಗುಂಡಿ ಬಿಚ್ಚಿದರು. "ನೀನ್ ಹಾಕಿದ್ದು ಲೆಕ್ಕಕ್ಕಿಲ್ಲ" ಅಂದರು. ಮೊದಲಿಂದ ಶುರು. ನಾನು ಎದುರು ಕೂತೆ, ಕೈ ಮಡಿಲಲ್ಲಿ. ಮೂರನೆಯದು ಎರಡು ಸಲ ಜಾರಿತು. ಮೇಡಂ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದು ಕಂಡಿತು. ಕೊನೆಯ ಗುಂಡಿ ಸೇರಿದಾಗ "ಹಾ!" ಅಂದದ್ದು ಮೇಡಂ. ಆಮೇಲೆ ಕಿಟಕಿಯವರೆಗೆ ನಡಿಗೆ, ತಾತನ ಎಡಗೈಯಲ್ಲಿ ಕೋಲು, ಪಕ್ಕದಲ್ಲಿ ನಾನು, ಮುಟ್ಟದೆ.

ಹೋಗುವಾಗ ಮೇಡಂ ಅಂದದ್ದು ಇಷ್ಟೇ: "ನೋಡಿದ್ದನ್ನ ಬರೀತೀನಮ್ಮ. ಅದು ಬಿಟ್ಟು ಬೇರೆ ಬರೆಯೋ ಹಾಗಿಲ್ಲ."

ಮನೆಯಲ್ಲಿ ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. "ಕೈಗೆ ಬಂದ ತುತ್ತನ್ನ ನೀನೇ ಚೆಲ್ಲಿದೆಯಲ್ಲೇ! ವರ್ಷಕ್ಕೊಂದು ಸಲ ಬಾಯಿ ಬಿಡ್ತೀಯ, ಅದೂ ಇದಕ್ಕಾ?"

ಗ್ರೇಡು ಹೋಯಿತು. ಸಂಜೆಯೂ ಹೋಯಿತು. ನಗು ಮಾತ್ರ ಹೋಗುತ್ತಿಲ್ಲ. ತಮ್ಮ ಮುಖಕ್ಕೇ ಕಾರ್ಡು!

ಮಾರ್ಚ್ 28, ಶುಕ್ರವಾರ

ಕ್ಯಾಂಟೀನಿನಲ್ಲಿದ್ದಾಗ ಫೋನು. ಮೊಣಕೈವರೆಗೆ ಸೋಪು. ತಪಾಸಣೆ ಮೇಡಂ!

"ಬರೆಯೋಕೆ ಕೂತಿದ್ದೀನಿ. ಒಂದು ಕೇಳ್ಬೇಕಿತ್ತು. ಅವರು ಗುಂಡಿ ಹಾಕ್ತಿದ್ದಾಗ ನೀವೇನ್ ಮಾಡ್ತಿದ್ರಿ?"

"ಸುಮ್ನೆ ಕೂತಿದ್ದೆ ಮೇಡಂ."

"ಸುಮ್ನೆ ಕೂತಿದ್ದೆ ಅಂತ ಬರೀಲಾ?"

ಹ್ಞೂಂ ಅನ್ನಲು ಹೋದೆ. "ಬರೀಬೇಡಿ" ಅಂದೆ.

ಹಿಂಬಾಗಿಲಿನಿಂದ ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ಹೇಳಿದೆ. ಮೊದಲು ತಾತ ದೊಡ್ಡ ಗುಂಡಿಯ ಹಳೇ ಕೋಟಿನಲ್ಲಿ ಕಲಿತದ್ದು. ಅಂಗಿಯ ಕಾಜಾಗಳನ್ನೆಲ್ಲ ನಾನೇ ಸ್ವಲ್ಪ ಕತ್ತರಿಸಿ ಅಗಲ ಮಾಡಿ ಅಂಚು ಹೊಲಿದದ್ದು, ತಾತನಿಗೆ ಗೊತ್ತಿಲ್ಲ. ಅವರ ಬಲಭುಜ ಮೇಲೇರಿತು ಅಂದರೆ ಸುಸ್ತು, ತುಟಿ ಬಿಗಿಯಿತು ಅಂದರೆ ಸಿಟ್ಟು. ಸುಸ್ತಾದರೆ ಟೀ, ಸಿಟ್ಟಾದರೆ ಗೋಲ್‌ಕೀಪರನ ಕಥೆ. ಕೈ ಚಾಚಬೇಕು ಅನ್ನಿಸುತ್ತದೆ, ಚಾಚಿದರೆ ನಾಳೆ ಅವರು ಪ್ರಯತ್ನವನ್ನೇ ಮಾಡುವುದಿಲ್ಲ, ಅದಕ್ಕೆ ಮಡಿಲಲ್ಲಿ ಬೆರಳಿಗೆ ಬೆರಳು ಹೆಣೆದು ಕೂರುತ್ತೇನೆ. ಬಂದ ಮಾತು ನಿಲ್ಲಲೇ ಇಲ್ಲ. ಕೈಯ ಸೋಪು ಒಣಗಿ ಚರ್ಮ ಬಿಗಿಯಿತು. ಒಳಗಿನಿಂದ ಮಾಲೀಕ ಕೂಗುತ್ತಲೇ ಇದ್ದ.

ಆ ಕಡೆ ಮೇಡಂ ಬರೆಯುತ್ತಿದ್ದರು.

"ಇಷ್ಟೂ ಅವತ್ತೇ ಹೇಳ್ಬಾರ್ದಿತ್ತಾ?"

"ತಾತ ಇದ್ರಲ್ಲ ಮೇಡಂ."

"ಸರಿ" ಅಂದರು. "ಹೌದು. ಸರಿ."

ಫೋನ್ ಇಟ್ಟ ಮೇಲೆ ನೋಡಿದೆ, ಎದುರು ಕಟ್ಟಡದ ಗಾಜುಗಳೆಲ್ಲ ಕೆಂಪು. ಸಂಜೆ! ಫೋನಿನ ನೆಪದಲ್ಲಿ ಒಂದು ಸಂಜೆ ಸಿಕ್ಕಿತ್ತು, ಗಮನಿಸಿಯೇ ಇರಲಿಲ್ಲ.

ಏಪ್ರಿಲ್ 2, ಬುಧವಾರ

ಎರಡು. ಎರಡು! ಎರಡು!!

ಅಣ್ಣ ಹೊಸ ಕಾರ್ಡು ಕೊಟ್ಟರು. ಆರೈಕೆ. ಮೂರೇ ಅಕ್ಷರ, ಎಷ್ಟು ಸಲ ಓದಿದೆನೋ. ಕೆಲಸದ ಮನೆ ಅದೇ, ತಾತನೇ. ಅದನ್ನು ಮೊದಲು ಕೇಳಿಕೊಂಡೆ, ನಾನೇ, ಬಾಯಿಬಿಟ್ಟು.

ಕ್ಯಾಂಟೀನ್ ಮಾಲೀಕನಿಗೆ "ನಾಳೆಯಿಂದ ಬರಲ್ಲ" ಅಂದೆ. "ಏನಂದೆ? ಕೇಳಿಸ್ಲಿಲ್ಲ" ಅಂದ. ಇನ್ನೊಂದು ಸಲ ಅಂದೆ. ಒಲೆಯ ಹತ್ತಿರ ಇದ್ದವರೂ ತಿರುಗಿ ನೋಡಿದರು.

ಚಿಕ್ಕಮ್ಮ ಕಾರ್ಡನ್ನು ದೀಪದ ಹತ್ತಿರ ಹಿಡಿದು ಹಿಂದೆ ಮುಂದೆ ತಿರುಗಿಸಿದಳು. ದೀಪ ಆರಿಸಿದ ಮೇಲೆ ಕತ್ತಲಲ್ಲಿ ಕೇಳಿದಳು: "ಏ... ನಾಳೆ ನನ್ನ ಜೊತೆ ಆಫೀಸಿಗೆ ಬರ್ತೀಯೇನೆ? ನೀನು ಸ್ವಲ್ಪ ಮಾತಾಡು."

ನಾನು! ಮಾತಾಡು ಅಂತೆ ನನಗೆ!

ಏಪ್ರಿಲ್ 4, ಶುಕ್ರವಾರ, ಸಂಜೆ

ಮೈದಾನದ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಡ್ಯೂಟಿ ಮುಗಿದಿದೆ, ಮನೆಗೆ ಹೋಗಬಹುದಿತ್ತು. ತಾತನೇ ಹೊರಟರು. ಮನೆಯಿಂದ ಇಲ್ಲಿಯವರೆಗೆ ನಡೆದೇ ಬಂದರು, ಎರಡು ಕಡೆ ನಿಂತು. ದಾರಿಯಲ್ಲಿ ಕಂಡವರಿಗೆಲ್ಲ "ನನ್ನ ಲೈನ್ಸ್‌ಮನ್. ಪ್ರಮೋಷನ್ ಆಗಿದೆ" ಅಂದರು. ನಾನು ನೆಲ ನೋಡುತ್ತಾ ಬಂದೆ.

ಎಂಥ ಬೆಳಕು. ಹುಲ್ಲಿನ ಮೇಲೆ ನಮ್ಮ ನೆರಳು ಎಷ್ಟು ಉದ್ದ ಅಂದರೆ ತಾತನ ತಲೆ ಗೋಲ್ ಕಂಬ ಮುಟ್ಟಿದೆ. ಹುಡುಗಿಯರ ಎರಡು ತಂಡ ಆಡುತ್ತಿವೆ. ರೆಫ್ರಿ ಯಾರೂ ಇಲ್ಲ. ಎಲ್ಲರೂ ಕೂಗುತ್ತಾರೆ, ಯಾರೂ ಕೇಳುವುದಿಲ್ಲ. ತಾತ ಹಲ್ಲು ಕಡಿಯುತ್ತಿದ್ದಾರೆ.

ಈಗ ಒಬ್ಬಳು ಬಿದ್ದಳು. ಕಾಲು ಹಿಡಿದು ಹೊರಳಾಡುತ್ತಿದ್ದಾಳೆ. ಯಾರೂ ಅವಳನ್ನು ಮುಟ್ಟಲೇ ಇಲ್ಲ, ನಾನೇ ನೋಡಿದೆ.

ಅಯ್ಯೋ. ಸೀಟಿ! ಫುಸ್ ಅಲ್ಲ, ನಿಜವಾದ ಸೀಟಿ! ಕಿವಿ ಗುಂಯ್ ಅನ್ನುತ್ತಿದೆ. ಮೈದಾನದಲ್ಲಿ ಎಲ್ಲರೂ ನಿಂತು ನಮ್ಮ ಕಡೆಗೇ ನೋಡುತ್ತಿದ್ದಾರೆ. ತಾತ ಎದ್ದರು. ಕೋಲು ಬೆಂಚಿನ ಮೇಲೆಯೇ ಇದೆ. ಜೇಬಿಗೆ ಕೈ ಹಾಕಿದರು, ಹೆಜ್ಜೆ ಇಟ್ಟೇಬಿಟ್ಟರು, ನಾನು ಪೆನ್ನು ಕೆಳಗಿಡಬೇಕು, ನನ್ನ ಎರಡೂ ಕೈ