ಬೀಗರ ಸಾಲಿನಿಂದ

ಮಳವಳ್ಳಿ, ಫೆಬ್ರವರಿ ೩೦, ೨೧೭೪

ನಮಗಿಂತ ನೂರೈವತ್ತು ವರ್ಷ ಹಿಂದೆ ಟಿವಿ ಮುಂದೆ ಉಗುರು ಕಚ್ಚುತ್ತ ಕೂತಿರುವ ಹಿರಿಯರಿಗೆ, ನಿಮ್ಮ ಮೊಮ್ಮಕ್ಕಳ ಮೊಮ್ಮಗಳಾದ ದೇವೀರಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ನೀವೆಲ್ಲ ಸೇರಿ ಮಾಡಿದ್ದ ಅನ್ಯಾಯವನ್ನು ನಮ್ಮ ಕಾಲದವರು ಸರಿಪಡಿಸಿ, ಅಕ್ಕಪಕ್ಕದ ತಿಂಗಳುಗಳಿಂದ ದಿನ ಕಿತ್ತು ಅದಕ್ಕೆ ಕೊಟ್ಟಿದ್ದಾರೆ. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಮಾತುಗಳೂ ಬರುತ್ತವೆ. ಬಿಡಿಸಿ ಹೇಳುತ್ತ ಹೋಗುತ್ತೇನೆ, ಆಗಲೂ ತಿಳಿಯದಿದ್ದರೆ ಮುದುಕಿಯೆಂದು ಕ್ಷಮಿಸಿಬಿಡಿ. ನನಗೆ ಬರೆಯುವುದಕ್ಕಿಂತ ಬಯ್ಯುವುದು ಹೆಚ್ಚು ರೂಢಿ.

ನಿಮ್ಮ ಕಥೆಗಳು ನಮ್ಮ ಮನೆಯಲ್ಲಿ ಇನ್ನೂ ಉಳಿದಿವೆ. ಮ್ಯಾಚು ನಡೆಯುವಾಗ ಒಬ್ಬರು ಜಾಗ ಬಿಟ್ಟು ಎದ್ದರೆ ವಿಕೆಟ್ ಬಿದ್ದುಹೋಗುತ್ತದೆಂದು ಇಡೀ ಮನೆಯವರು ಅಲ್ಲಾಡದೆ ಕೂತಿರುತ್ತಿದ್ದಿರಂತೆ. ಕಾಫಿ ಉಕ್ಕಿ ಒಲೆಯ ಮೇಲೆಲ್ಲ ಸುರಿದರೂ ಯಾರೂ ಏಳುತ್ತಿರಲಿಲ್ಲವಂತೆ. ನಗುತ್ತಿದ್ದೇನೆಂದು ತಿಳಿಯಬೇಡಿ. ನಮ್ಮ ಯಜಮಾನರು ನಿಂಗೇಗೌಡರು ಇವತ್ತಿಗೂ ಕಬಡ್ಡಿ ನೋಡುವಾಗ ಎಡಗಾಲಿನ ಮೇಲೆ ಬಲಗಾಲು ಹಾಕಿದರೆ ಮುಗಿಯಿತು, ಕಾಲು ಜೋಮು ಹಿಡಿದರೂ ಇಳಿಸುವುದಿಲ್ಲ. ರಕ್ತ ಎಲ್ಲಿಗೆ ಹೋಗುತ್ತದೆ ಹೇಳಿ.

ಆದರೆ ನಿಮ್ಮ ನಂತರ ಒಂದು ಕೆಟ್ಟ ಕಾಲ ಬಂತು. ಸೋತು ಬಂದವರ ಮನೆಗೆ ಕಲ್ಲು ಬಿದ್ದವು. ಗೆದ್ದವರಿಗೂ ನಿದ್ದೆಯಿಲ್ಲ, ನಾಳೆ ಸೋತರೆ ಗತಿಯೇನೆಂಬ ಭಯ. ಮಕ್ಕಳನ್ನು ಆಟಕ್ಕೆ ಕಳಿಸುವುದನ್ನೇ ಜನ ನಿಲ್ಲಿಸಿದಾಗ ಎಲ್ಲ ದೇಶದವರೂ ಕೂತು ಒಂದು ಕಟ್ಟಳೆ ಮಾಡಿದರು. ಫೈನಲ್ಲಿಗೆ ಒಂದು ವಾರವಿದೆ ಎನ್ನುವಾಗ ಎರಡೂ ತಂಡಗಳಲ್ಲಿ ಚೀಟಿ ಎತ್ತುತ್ತಾರೆ. ಹೆಸರು ಬಂದವಳು ಎದುರಾಳಿಗಳ ಬಿಡಾರಕ್ಕೆ ಹೋಗಿ, ಅವರ ಜೊತೆ ಉಂಡು ಮಲಗಿ, ಅವರ ಅಂಗಿ ತೊಟ್ಟು ತನ್ನ ದೇಶದ ವಿರುದ್ಧವೇ ಆಡಬೇಕು. ಆಕೆಯನ್ನು ನಾವು 'ಕೊಟ್ಟವಳು' ಎನ್ನುತ್ತೇವೆ. ಹೆಣ್ಣು ಕೊಟ್ಟ ಮೇಲೆ ಸಂಬಂಧವಾಯಿತಲ್ಲ, ಆಕೆಯ ಮನೆಯವರೂ ಎದುರಾಳಿಗಳ ನಡುವೆ 'ಬೀಗರ ಸಾಲು' ಎಂಬ ಬೆಂಚಿನಲ್ಲಿ ಕೂರಬೇಕು. ಆಟ ಮುಗಿದ ಮೇಲೆ ಬೀಗರೂಟ. ಗೆದ್ದವರು ಅಡುಗೆ ಮಾಡಿ ಬಡಿಸುತ್ತಾರೆ, ಸೋತವರು ಮೊದಲು ಉಣ್ಣುತ್ತಾರೆ. ಸೋತವರ ಪಂಕ್ತಿಯಲ್ಲಿ ಒಬ್ಬರು ಕೈಕಟ್ಟಿ ಕೂತರೂ ಗೆದ್ದವರು ತುತ್ತು ಮುಟ್ಟುವಂತಿಲ್ಲ.

ಈ ಸಲದ ಕಬಡ್ಡಿ ವಿಶ್ವಕಪ್ ಫೈನಲ್ ಮೈಸೂರಿನಲ್ಲಿ, ನಮಗೂ ಕೀನ್ಯಾದವರಿಗೂ. ಚೀಟಿ ನಮ್ಮ ಮೊಮ್ಮಗಳು ಮೇದಿನಿಯ ಹೆಸರಿಗೇ ಬರಬೇಕೇ?

ಮೇದಿನಿಗೆ ಕಬಡ್ಡಿ ಕಲಿಸಿದ್ದು ಅವಳ ತಾತ. ನೆರಳುಬೀದಿಯಲ್ಲಿ, ಅಂದರೆ ಬಿಸಿಲು ತಾಳಲಾರದೆ ನಾವು ಉದ್ದಕ್ಕೂ ಚಪ್ಪರ ಹಾಕಿಸಿಕೊಂಡಿರುವ ಬೀದಿಯಲ್ಲಿ, ಕಾಲಿನಿಂದಲೇ ಗೆರೆ ಎಳೆದು, ಮೂರು ವರ್ಷದ ಕೂಸಿಗೆ ಉಸಿರು ಕಟ್ಟುವುದನ್ನು ಹೇಳಿಕೊಟ್ಟವರು ಅವರು. ಅವಳು ಭಾರತದ ಅಂಗಿ ತೊಟ್ಟ ದಿನ ಊರಿಗೆಲ್ಲ ಬಾಡೂಟ ಹಾಕಿಸಿದ್ದರು. ಚೀಟಿಯ ಸುದ್ದಿ ಬಂದದ್ದೇ ತಡ, ಮುಖ ಊದಿಸಿಕೊಂಡು, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಇನ್ನೇನದೆ" ಎಂದು ಎದ್ದುಹೋದರು. ಬೀಗರ ಸಾಲಿಗೆ ಬನ್ನಿ ಎಂದರೆ, "ನಾನ್ ಯಾವನ್ಗೂ ಬೀಗ ಅಲ್ಲ, ನಾನು ಭಾರತದೋನು" ಎಂದು ಬೇರೆ ಟಿಕೆಟ್ ತೆಗೆದುಕೊಂಡರು.

ಮೇದಿನಿ ಕೀನ್ಯಾದವರ ಬಿಡಾರದಿಂದ ನನಗೆ ಫೋನು ಮಾಡಿದಳು. ಫೋನು ನಮಗೂ ಇದೆ, ಅದನ್ನು ಮಾತ್ರ ಯಾರಿಂದಲೂ ಬಿಡಿಸಲಾಗಲಿಲ್ಲ. "ಅಜ್ಜಿ, ನಾನ್ ಗೆದ್ರೆ ತಾತ ಇನ್ ಜನ್ಮದಲ್ಲಿ ಮಾತಾಡ್ಸಕಿಲ್ಲ. ಬೇಕೂಂತ ಸೋತ್ರೆ ನನ್ ಮುಖ ನಾನೇ ನೋಡ್ಕೊಳಕಾಗಕಿಲ್ಲ" ಎಂದಳು. ನನಗೆ ಸಂಕಟವಾಯಿತು. ಭಾರತ ಗೆಲ್ಲಲೆಂದು ನಾನೂ ಹರಕೆ ಹೊತ್ತವಳೇ. ಅವಳು ಸೋಲಲಿ ಎಂದು ಯಾವ ಬಾಯಲ್ಲಿ ಹೇಳಲಿ? "ನಿನ್ ತಾತ ಕಲಿಸಿದಂಗೆ ಆಡು" ಎಂದಷ್ಟೇ ಹೇಳಿ ಫೋನಿಟ್ಟೆ.

ನಮ್ಮಲ್ಲಿ ಆಟಗಳೆಲ್ಲ ಬೆಳಗಿನ ಜಾವದ ತಂಪಿನಲ್ಲೇ. ಬೀಗರ ಸಾಲಿನಲ್ಲಿ ನನ್ನ ಪಕ್ಕ ಕೂತದ್ದು ಕೀನ್ಯಾದ ಕೋಚಿನ ತಾಯಿ ಅಕಿನ್ಯಿ. ನನ್ನಷ್ಟೇ ವಯಸ್ಸು, ನನಗಿಂತ ದೊಡ್ಡ ಬಾಯಿ. ಕಿವಿಮಣಿ ಎಂಬ ಒಂದು ಕಾಳು ಕಿವಿಯಲ್ಲಿದ್ದರೆ ಅವರ ಮಾತು ನಮಗೆ ಕನ್ನಡದಲ್ಲಿ ಕೇಳಿಸುತ್ತದೆ. ಹಾಳಾದ್ದು, ಅರ್ಧ ಸರಿ ಅರ್ಧ ತಪ್ಪು. ಆಕೆ ಅಂಪೈರಿಗೆ ಹಾಕುತ್ತಿದ್ದ ಬೈಗುಳ ನನ್ನ ಕಿವಿಗೆ ಮಂಗಳಾಷ್ಟಕದಂತೆ ಬೀಳುತ್ತಿತ್ತು. ನಮ್ಮವರು ಪಾಯಿಂಟು ತೆಗೆದಾಗ ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರೆ, ಆಕೆ ನನ್ನ ತೊಡೆಗೆ ಬಲವಾಗಿ ಹೊಡೆದು ತಾನೂ ನಗುತ್ತಿದ್ದಳು. ಎದುರು ಸಾಲಿನಲ್ಲಿ ನಮ್ಮ ಗೌಡರು ಕಾಲ ಮೇಲೆ ಕಾಲು ಹಾಕಿಕೊಂಡು ಕಲ್ಲಾಗಿದ್ದರು.

ಕೊನೆಗೆ ಸಮಸಮ. ಒಂದೇ ರೈಡು ಬಾಕಿ, ಅದು ಕೀನ್ಯಾದ್ದು. ಕಳಿಸಿದ್ದು ನಮ್ಮ ಮೇದಿನಿಯನ್ನು. ಒಬ್ಬರನ್ನು ಮುಟ್ಟಿ ನಡುಗೆರೆಗೆ ವಾಪಸ್ಸು ಬಂದರೆ ಕಪ್ ಕೀನ್ಯಾಕ್ಕೆ, ಹಿಡಿದರೂ ಮುಟ್ಟದೆ ಬಂದರೂ ನಮಗೆ.

ಕೀನ್ಯಾದ ಹಸಿರು ಅಂಗಿ ತೊಟ್ಟ ನನ್ನ ಕೂಸು ಕಬಡ್ಡಿ ಕಬಡ್ಡಿ ಎನ್ನುತ್ತ ತನ್ನದೇ ತಂಡದೊಳಕ್ಕೆ ಇಳಿದಳು. ನಮ್ಮ ಕ್ಯಾಪ್ಟನ್ ಹರಿಯಾಣದ ರೋಶ್ನಿ. ಇವಳ ಗೆಳತಿ, ವರ್ಷಗಟ್ಟಲೆ ಒಂದೇ ಕೋಣೆಯಲ್ಲಿದ್ದವಳು. ಅವಳು ಪಕ್ಕದವಳ ಕೈ ಹಿಡಿದು ಸರಪಳಿ ಕಟ್ಟಿ ಇವಳನ್ನು ಮೂಲೆಗೆ ಒತ್ತಿದಳು. ಮೇದಿನಿ ಬಗ್ಗಿ, ಕಾಲು ಚಾಚಿ, ಸರಪಳಿಯ ಕೆಳಗೆ ನುಸುಳಿ ಬಂದು ಗೆರೆಯ ಮೇಲೆ ಬಿದ್ದಳು. ಬಿದ್ದಲ್ಲಿಂದಲೇ ಒಂದು ಬೆರಳು ಎತ್ತಿದಳು, ಮುಟ್ಟಿದ್ದೇನೆ ಎಂದು.

ಅಂಪೈರ್ ನೋಡಿಲ್ಲ. ನಾವ್ಯಾರೂ ನೋಡಿಲ್ಲ. ನಿಮ್ಮ ಕಾಲದಂತೆ ಕ್ಯಾಮೆರಾದಲ್ಲಿ ಮತ್ತೆ ನೋಡುವುದನ್ನು ನಾವು ಬಿಟ್ಟು ಬಹಳ ವರ್ಷವಾಯಿತು, ಮುಟ್ಟಿಸಿಕೊಂಡವರನ್ನೇ ಕೇಳುತ್ತೇವೆ. ಅಂಪೈರ್ ಭಾರತದ ಕಡೆ ತಿರುಗಿ ನಿಂತರು. ರೋಶ್ನಿ ನೆಲ ನೋಡುತ್ತಿದ್ದವಳು, ನಿಧಾನವಾಗಿ ಕೈ ಎತ್ತಿ, ತಾನೇ ನಡೆದು ಆಚೆ ಹೋದಳು. ನನ್ನ ಬಾಯಿಂದ ಅಯ್ಯೋ ಎಂದು ಬಂತು, ಕೈ ಮಾತ್ರ ಚಪ್ಪಾಳೆ ತಟ್ಟುತ್ತಿತ್ತು. ಅಕಿನ್ಯಿ ನನ್ನನ್ನು ತಬ್ಬಿಕೊಂಡಳು. ನಾನು ಅತ್ತುಬಿಟ್ಟೆ, ಯಾವುದಕ್ಕೆಂದು ಕೇಳಬೇಡಿ.

ಮಧ್ಯಾಹ್ನ ಬೀಗರೂಟ. ಕೀನ್ಯಾದವರು ಉಗಾಲಿ ಮಾಡಿದ್ದರು. ಮೆಕ್ಕೆಜೋಳದ ಬಿಳಿ ಹಿಟ್ಟಿನದು, ನಮ್ಮ ಮುದ್ದೆಯ ತಂಗಿ ಎನ್ನಿ. ಜೊತೆಗೆ ಸೊಪ್ಪು, ಮಾಂಸದ ಸಾರು. ಭಾರತದೋನು ಎಂದು ಸೋತವರ ಪಂಕ್ತಿಗೇ ಹೋದ ನಮ್ಮ ಗೌಡರಿಗೆ ರೋಶ್ನಿಯ ಪಕ್ಕದ ಎಲೆಯೇ ಸಿಕ್ಕಿತು. ಎಲ್ಲರೂ ಉಂಡರು, ರೋಶ್ನಿ ಕೆದಕುತ್ತಿದ್ದಳು, ಇವರು ಮಾತ್ರ ಕೈಕಟ್ಟಿ ಕೂತರು. ಕೀನ್ಯಾದ ಹುಡುಗಿಯರು ಬೆಳಗಿನಿಂದ ಹಸಿದವರು, ಸೌಟು ಹಿಡಿದು ನಿಂತೇ ಇದ್ದರು. ಮಾನ ಹೋಯಿತಲ್ಲಪ್ಪ ಎಂದು ನಾನು ಕಣ್ಣು ಬಿಟ್ಟರೂ ಅವರು ನನ್ನ ಕಡೆ ತಿರುಗಲಿಲ್ಲ.

ಮೇದಿನಿಯೇ ಉಗಾಲಿಯ ತಟ್ಟೆ ತಂದು ತಾತನ ಮುಂದೆ ಬಗ್ಗಿದಳು. ಅವರು ಎಲ್ಲರೆದುರಿಗೆ ಕೇಳಿಯೇಬಿಟ್ಟರು: "ನಿಜವಾಗ್ಲೂ ಮುಟ್ದಾ? ಇಲ್ಲಾ ಗೆಳತೀರಿಬ್ರೂ ಸೇರ್ಕೊಂಡು ನಾಟಕ ಆಡುದ್ರಾ?"

ಅರ್ಧ ತಪ್ಪು ಹೇಳುವ ಕಿವಿಮಣಿ ಅದೊಂದು ಮಾತನ್ನು ರೋಶ್ನಿಗೆ ಸರಿಯಾಗಿ ಹೇಳಿತೆಂದು ಕಾಣುತ್ತದೆ. ಅವಳ ಕೈ ಎಲೆಯಲ್ಲೇ ನಿಂತಿತು. ಮೇದಿನಿ ತಟ್ಟೆಯನ್ನು ಕೆಳಗಿಟ್ಟಳು.

"ನನ್ನ ಬೇಕಾದ್ರೆ ಬೈಯಿ ತಾತ. ಅವಳ್ನ ಅನ್ಬೇಡ. ಅವಳು ಕೈ ಎತ್ತದೆ ಇದ್ದಿದ್ರೆ ಕಪ್ ಈಗ ನಿಮ್ ಪಂಕ್ತೀಲಿರೋದು. ನಾನ್ ಸುಳ್ಳುಗಾತಿ ಆಗೋಗಿರೋಳು."

ಗೌಡರು ಅವಳ ಹಸಿರು ಅಂಗಿಯನ್ನೇ ನೋಡಿದರು. "ಹೊಟ್ಟೆ ಉರೀತದೆ ಕಣವ್ವ" ಎಂದರು.

"ಉರೀಲಿ ತಾತ. ಉಣ್ಣು."

ಅವರು ಕೈ ನೀಡಿ ಉಗಾಲಿ ಮುರಿದು ಸಾರಿನಲ್ಲಿ ಅದ್ದಿದರು. ತುತ್ತು ಅವರ ಬಾಯಿಗೆ ಹೋಗಲಿಲ್ಲ. ಪಕ್ಕಕ್ಕೆ ತಿರುಗಿ ರೋಶ್ನಿಯ ಬಾಯಿಗೆ ಹಿಡಿದರು. "ತಿನ್ನು ಮಗ. ಸೋತೋಳು ನೀನು. ನಾನ್ ಬರೀ ನೋಡ್ದೋನು" ಎಂದರು. ಆ ಹುಡುಗಿ ತುತ್ತು ತೆಗೆದುಕೊಂಡು ಜೋರಾಗಿ ಅತ್ತಳು. ಆಮೇಲೆ ಅವರೂ ಉಂಡರು, ಸಾರನ್ನು ಎರಡನೇ ಸಲವೂ ಹಾಕಿಸಿಕೊಂಡರು.

ಹಿರಿಯರೇ, ನಾವು ನಿಮಗಿಂತ ಒಳ್ಳೆಯವರಾಗಿದ್ದೇವೆಂದು ಹೇಳಲು ಈ ಕಾಗದ ಬರೆದಿಲ್ಲ. ಗೌಡರು ಮಾರನೇ ದಿನವೂ ಮುಖ ಊದಿಸಿಕೊಂಡೇ ಕಾಫಿ ಕುಡಿದರು. ನಿಮ್ಮ ಪ್ರೀತಿ ನಮಗೆ ಗೊತ್ತು, ಅದು ನಮ್ಮ ಮೈಯಲ್ಲೂ ಹರಿಯುತ್ತಿದೆ. ಆದರೆ ನೀವು ಇದನ್ನು ಓದುವ ಹೊತ್ತಿಗೆ ನಿಮ್ಮ ಕಡೆಯ ಒಬ್ಬ ಹುಡುಗಿ ಎಲ್ಲೋ ಸೋತು, ಚೀಲ ಹೆಗಲಿಗೆ ಹಾಕಿಕೊಂಡು, ಯಾರ ಕಣ್ಣಿಗೂ ಬೀಳದೆ ಮನೆ ಸೇರಿದರೆ ಸಾಕೆಂದು ಬರುತ್ತಿರುತ್ತಾಳೆ. ಅವಳು ನಿಮ್ಮ ಬೀದಿ ದಾಟುವ ಮುಂಚೆ ಬಾಗಿಲು ತೆಗೆದು, ಒಳಕ್ಕೆ ಕರೆದು, ಬಡಿಸಿ.