ಹದಿನಾಲ್ಕನೇ ಅಧ್ಯಾಯದ ಪ್ರೂಫ್

ಜೂನ್ 3, ಬೆಳಗ್ಗೆ 10

ಆರನೇ ಅಧ್ಯಾಯ ಮುಗಿಯಿತು. ಇವರಿಗೆ ಕಣ್ಣು ಹೋಗಿದೆ. ಪ್ರೂಫ್ ನಾನೇ ಓದಿ ಹೇಳಬೇಕು. ಮನುಷ್ಯ ಚಂದ್ರನ ಮೇಲೆ ಕಾಲಿಡುವ ಮೊದಲೇ ಇವರು ಸಾಂಗ್ಲಿವಾಡಿಯಲ್ಲಿ ಕೂತು ಕಾದಂಬರಿಯಲ್ಲಿ ಅಲ್ಲೊಂದು ಊರು ಕಟ್ಟಿದ್ದರು. ಮಂದಿ ನಕ್ಕಿದ್ದರು. ಈಗ ಐವತ್ತೇಳು ವರ್ಷದ ಮೇಲೆ ರಿಪ್ರಿಂಟ್. ವಿಶ್ರಾಮಬಾಗದ ಪ್ರಕಾಶಕ ಅಮಿತ ಮಾಡಿಸುತ್ತಿದ್ದಾನೆ. ಎಲ್ಲ ಸರಿ. ಕೊನೆಯ ಅಧ್ಯಾಯ, ಹದಿನಾಲ್ಕನೆಯದು, ಹತ್ತಿರ ಬರುತ್ತಿದೆ...

ಜೂನ್ 7

ಇಲ್ಲಾದರೂ ನಿಜ ಬರೆಯುತ್ತೇನೆ.

ಇವರ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಫೇರ್ ಕಾಪಿ ಯಾವಾಗಲೂ ನನ್ನದೇ. ಕಥೆಯ ಹುಡುಗಿಗೆ ನಮ್ಮ ಮಗಳು ಛಾಯಾಳ ಹೆಸರನ್ನೇ ಇಟ್ಟಿದ್ದರು. ಅರ್ಧ ಪುಸ್ತಕ ಆದಾಗ ನಮ್ಮ ಛಾಯಾ ಮಿರಜಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಜ್ವರ. ಅವಳಿಗೆ ಆರೇ ವರ್ಷ. ಇವರು ಹದಿನಾಲ್ಕನೇ ಅಧ್ಯಾಯದಲ್ಲಿ ಚಂದ್ರನ ಮೇಲಿನ ಛಾಯಾಳನ್ನೂ ಸಾಯಿಸಿದರು.

ನಕಲು ಮಾಡಲು ಕೈ ಏಳಲಿಲ್ಲ. ಇವರ ಮೂರು ಸಾಲು ಬಿಟ್ಟು ನನ್ನ ಎರಡು ಸೇರಿಸಿದೆ — ಹುಡುಗಿ ಕಣ್ಣು ತೆರೆದಳು, ನೀರು ಕೇಳಿದಳು. ಹಾಗೇ ಅಚ್ಚಾಯಿತು. ಅಚ್ಚಾದದ್ದನ್ನು ಇವರು ಓದುವವರಲ್ಲ.

ಜೂನ್ 12

ಓದಿದೆ. ಇವರ ಆ ಮೂರು ಸಾಲನ್ನೇ, ನೆನಪಿನಿಂದ, ಪ್ರೂಫಿನಲ್ಲಿ ಇದ್ದಂತೆ ನಟಿಸಿ.

"ಭಾಮಾ, ಅಲ್ಲೆ ಹಂಗಿಲ್ಲ. ಅಕಿ ನೀರು ಕೇಳ್ತಾಳ."

"ನಿಮಗ ಗೊತ್ತಿತ್ತೇನ್ರಿ?"

"ಅಚ್ಚಾದ ದಿವಸಾನ ಓದೇನಿ. ನಿನ್ನ ಸಲುವಾಗಿ ಸುಮ್ಮನಿದ್ದೆ."

ಅತ್ತುಬಿಟ್ಟೆ. ಆಮೇಲೆ ಮೆಲ್ಲಗೆ ಅಂದರು —

"ಇನ್ನ ನಾ ಭಾಳ ದಿನ ಇರಾಂಗಿಲ್ಲ. ನಾ ಬರದದ್ದು ಹಾಕು. ಅಷ್ಟೂ ಪುಸ್ತಕದಾಗ ಅದೊಂದ ಖರೇ ಬರದೇನಿ."

ಸಿಟ್ಟು ಬಂತು. ಚಂದ್ರನ ಮೇಲೆ ಊರು ಕಟ್ಟಿದ ಮನುಷ್ಯ, ಒಂದು ಕೂಸನ್ನು ಬದುಕಲು ಬಿಡಬಾರದೇ?

"ಹಾಕ್ತೇನ್ರಿ" ಅಂದೆ. ಹಾಕಲಿಲ್ಲ.

ಜೂನ್ 29

ಇವರು ಹೋಗಿ ಹದಿಮೂರು ದಿನ. ಕೊನೆಗೆ ಕೇಳಿದ್ದೂ ಅದನ್ನೇ — "ಹಾಕಿದಿ?" ಹಾಕೇನ್ರಿ ಅಂದಿದ್ದೆ. ಕಣ್ಣಿಲ್ಲದವರಿಗೆ ಸುಳ್ಳು ಹೇಳಿ ಕಳಿಸಿದೆ.

ಜುಲೈ 2, ಬೆಳಗ್ಗೆ 11

ಅಮಿತ ಪಡಸಾಲೆಯಲ್ಲಿ ಕೂತಿದ್ದಾನೆ. "ಕಾಕೂ, ಸಾವಕಾಶ ನೋಡ್ರಿ. ಆದ್ರ ಇವತ್ತ ಪ್ರೆಸ್ಸಿಗೆ ಹೋಗಬೇಕು."

ಚಹಾ ಕೊಟ್ಟು ಬಂದೆ. ಕೆಂಪು ಪೆನ್ನು ತೆಗೆದೆ. ನನ್ನ ಎರಡು ಸಾಲು ಹೊಡೆದುಹಾಕಿದೆ. ನೀರು ಕೇಳಿದ್ದೂ ಹೋಯಿತು.

ಇನ್ನು ಇವರ ಮೂರು ಸಾಲು. ಒಂದಕ್ಷರ ಮರೆತಿಲ್ಲ. ಪ್ರೂಫಿನ ಮೇಲೆ ಗೀಚು ಆಗಬಾರದು. ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ.

ಛಾಯಾ ಕಣ್ಣು ಮುಚ್ಚಿದಳು. ಮತ್ತೆ —