ಹನಿಯೊಳಗಿನ ಬಂಡೆ

ಬಾಬಾ,

ನೀನು ಬಿಟ್ಟುಹೋದ ಕ್ಯಾಮೆರಾಕ್ಕೆ ಸಣ್ಣದು ದೊಡ್ಡದಾಗಿ ಕಾಣಲೆಂದು ಲೆನ್ಸನ್ನು ಹಿಂದುಮುಂದಾಗಿ ಹಿಡಿದು, ಗುಲಾಬಿ ಕೊಯ್ಲಿಗೆ ಮೊದಲು ಮುಳ್ಳಿನ ಮೇಲಿನ ಇಬ್ಬನಿಯ ಫೋಟೊ ತೆಗೆಯುತ್ತೇನೆ. ಹನಿಯೊಳಗೆ ನಮ್ಮ ಮನೆಯೂ ಅದರ ಹಿಂದಿನ ಬಂಡೆಯೂ ತಲೆಕೆಳಗಾಗಿ ಮೂಡುತ್ತವೆ. ಮೊನ್ನೆಯ ಚಿತ್ರದಲ್ಲಿ ಬಂಡೆ ಬೆಟ್ಟಕ್ಕೆ ಅಂಟಿಕೊಂಡಿತ್ತು. ಇವತ್ತಿನದರಲ್ಲಿ ನಡುವೆ ಆಕಾಶದ ಗೆರೆ ಕಾಣುತ್ತಿದೆ.

ಝಾಯಿದ್ ಚಿಕ್ಕಪ್ಪನಿಗೆ ತೋರಿಸಿದೆ.

"ಹನೀಲಿ ಎಲ್ಲಾ ತಲೆಕೆಳಗೇ ಕಾಣೋದು ಕಣೋ, ನಿನ್ನ ಬುದ್ಧಿ ಥರ! ಶಾಲೆ ಬಿಟ್ಟೋನು ಬೆಟ್ಟ ಓದ್ತಾನಂತೆ!"

ಬಂಡೆ ಉರುಳುವ ಮೊದಲು ಮನೆ ಬಿಡೋಣ ಎಂದು ಅಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ. "ಮನೆ ಬಿಟ್ಟು ಹೋದ್ರೆ, ನಿಮ್ಮಪ್ಪ ಬಂದಾಗ ನಮ್ಮನ್ನ ಎಲ್ಲಿ ಅಂತ ಹುಡುಕ್ತಾರೋ?" ಎಂದಳು.

ಕಾಸಾಬ್ಲಾಂಕಾದಲ್ಲಿ ನಿನ್ನ ಇನ್ನೊಂದು ಸಂಸಾರವನ್ನು ಕಣ್ಣಾರೆ ನೋಡಿ ಬಂದವನು ನಾನು. ಅದನ್ನು ಹೇಳಿದರೆ ಅವಳು ಇವತ್ತೇ ಹೊರಡುತ್ತಾಳೆ. ಯಾರ ಮುಖಕ್ಕೂ ಹೆದರದೆ ನಿಜ ಹೇಳುವ ನನಗೆ ಬಾಯಿ ಬರುತ್ತಿಲ್ಲ. ಅವಳು ಒಳಗೆ ರೊಟ್ಟಿ ತಟ್ಟುತ್ತಿದ್ದಾಳೆ. ಮಾಡಿನ ಮೇಲೆ ಆಗಾಗ ಸಣ್ಣ ಕಲ್ಲುಗಳು ಬೀಳುತ್ತಿವೆ.